ಎರಡನೇ ಬಾಗಲಾ ಎಲ್ಲೆ ಅದ?

ಡಿಸೆಂಬರ್ ಅರ್ಧ ಆತಂದ್ರ ಸಾಕು, ಮೊಬೈಲ್ ತುಂಬ ದೊಡ್ಡ ದೊಡ್ಡ ಹೋಟೆಲ್‌ಗಳ ಜಾಹೀರಾತು. 31ರ ರಾತ್ರಿ ಡಿಜೆ, ಊಟ ಎಷ್ಟು ಬೇಕೋ ಅಷ್ಟು, ಕುಡಿಯೋದೂ ಅಷ್ಟ. ಜೋಡಿಗೆ ಒಂದು ರೇಟು, ಒಬ್ಬನ ಬಂದ ಗಂಡಸಿಗೆ ಒಂದು ರೇಟು, ಹೆಣ್ಮಕ್ಕಳಿಗೆ ಕೆಲವು ಕಡೆ ಪೂರಾ ಫ್ರೀ. ಅದರ ಬೆನ್ನಿಗೇ ನಮ್ಮ ಹೆಣ್ಮಕ್ಕಳ ಮಾತೂ ಸುರು. ಯಾರ ಮಗಳು ಬೆಂಗಳೂರಾಗ ಪಾರ್ಟಿಗೆ ಹೋಗ್ಯಾಳ, ಯಾರ ಸೊಸಿ ಗೋವಾಕ್ಕ ಹೋಗ್ಯಾಳ, ಏನು ಹಾಕ್ಕೊಂಡಿದ್ಲು, ಎಷ್ಟೊತ್ತಿಗೆ ಮನಿ ಮುಟ್ಟಿದ್ಲು. ಅರಿಷಿಣ ಕುಂಕುಮಕ್ಕ ಹೋದ್ರೂ ಇದ ಮಾತು, ಸಂಜಿಮುಂದ ವಾಕಿಂಗ್ ಹೋದ್ರೂ ಇದ ಮಾತು.

ನಾ ಬರೀಲಿಕ್ಕೆ ಕೂತದ್ದು ಈ ಮಾತಿನ ವಿರುದ್ಧ. ಹೋಟೆಲ್‌ನವರ ಪರವಾಗಿ ಅಲ್ಲ ಮತ್ತ! ಅವರ ಮ್ಯಾಲೂ ನನಗ ಬೇಕಾದಷ್ಟು ಸಿಟ್ಟದ. ಆದ್ರ ನಮ್ಮ ಸಿಟ್ಟು ಮುಟ್ಟಬೇಕಾದ ಜಾಗಾ ಮುಟ್ಟವಲ್ದು. ಅದೆಲ್ಲಾ ಹುಡುಗ್ಯಾರ ಮ್ಯಾಲೇ ಖರ್ಚಾಗಿ ಹೊಂಟದ.

ಇದು ಇವತ್ತಿನ ಚಟ ಅಲ್ಲ. 2009ರ ಜನವರಿಯೊಳಗ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗ್ಯಾರನ್ನ ಹೊಡದು ಅಟ್ಟಿಸಿದ್ದನ್ನ ಟಿವಿಯೊಳಗ ಎಲ್ಲಾರೂ ನೋಡೇವಿ. ಸಂಸ್ಕೃತಿ ಉಳಸ್ತೇವಿ ಅಂತ ಬಂದವರು ಅವರು. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಎಂ.ಜಿ. ರೋಡು, ಬ್ರಿಗೇಡ್ ರೋಡಿನಾಗ ಹೆಣ್ಮಕ್ಕಳಿಗೆ ಕಾಟ ಕೊಟ್ಟ ಸುದ್ದಿ ಬಂತು. ಆಗಿನ ಗೃಹಮಂತ್ರಿಗಳು ಹುಡುಗ್ಯಾರು ಪಾಶ್ಚಾತ್ಯರಂಗ ಬಟ್ಟಿ ಹಾಕ್ಕೋತಾರ ಅನ್ನೋ ಮಾತು ತಗದ್ರು. ಆ ಮಾತಿಗೆ ನಮ್ಮ ಓಣಿಯೊಳಗ ತಲಿ ಅಲ್ಲಾಡಿಸಿದ ಅಕ್ಕಾರು ಕಡಿಮಿ ಇರ್ಲಿಲ್ಲ.

ಈಗ ನಾ ಮೂರು ರಾತ್ರಿ ನೆನಪು ಮಾಡ್ತೇನಿ, ಸಮಾಧಾನದಿಂದ ಓದ್ರಿ.

2017ರ ಡಿಸೆಂಬರ್ 29, ಮುಂಬೈ ಕಮಲಾ ಮಿಲ್ಸ್. ಮಾಳಗಿ ಮ್ಯಾಲಿನ ಶೋಕಿ ಪಬ್ಬು, ನಡುರಾತ್ರಿ ದಾಟಿತ್ತು. ಬೆಂಕಿ ಹತ್ತಿ 14 ಮಂದಿ ಸತ್ರು, ಅದರಾಗ ಹೆಣ್ಮಕ್ಕಳ ಹೆಚ್ಚು. ತನ್ನ ಹುಟ್ಟುಹಬ್ಬ ಮಾಡ್ಕೊಳ್ಳಿಕ್ಕೆ ಬಂದಿದ್ದ ಹುಡುಗಿನೂ ಉಳೀಲಿಲ್ಲ. ಭಾಳ ಮಂದಿ ಸಿಕ್ಕದ್ದು ಟಾಯ್ಲೆಟ್ಟಿನಾಗ. ಹೊರಗ ಹೋಗೋ ದಾರಿ ತಿಳೀದ ಅಲ್ಲೆ ಹೊಕ್ಕು, ಹೊಗಿಗೆ ಉಸಿರು ಕಟ್ಟಿ ಹೋದ್ರು.

ಹತ್ತು ದಿವಸ ಆಗಿತ್ತೋ ಇಲ್ಲೋ, 2018ರ ಜನವರಿ 8, ಬೆಂಗಳೂರಿನ ಕಲಾಸಿಪಾಳ್ಯ ಮಾರ್ಕೆಟ್ ಹತ್ರದ ಒಂದು ಬಾರು. ಅಲ್ಲೇನೂ ಡಿಜೆ ಇಲ್ಲ, ಶೋಕಿ ಇಲ್ಲ. ಕೆಲಸ ಮುಗಿಸಿ ಒಳಗ ಮಲಗಿದ್ದ 5 ಮಂದಿ ಕೆಲಸಗಾರರು ಮಲಗಿದಲ್ಲೇ ಹೋದ್ರು.

ಮೂರನೇದು ನಮಗ ಭಾಳ ಹತ್ರದ್ದು, ಗೋವಾ. 2025ರ ಡಿಸೆಂಬರ್ 6ರ ರಾತ್ರಿ ಅರ್ಪೋರಾದ ನೈಟ್‌ಕ್ಲಬ್ಬಿನಾಗ 25 ಮಂದಿ. ಒಳಗ ಪಟಾಕಿ ಹಾರಿಸಿದ್ದಕ್ಕ ಬೆಂಕಿ ಹತ್ತಿತು ಅಂತ ಅಲ್ಲಿನ ಮುಖ್ಯಮಂತ್ರಿಗಳೇ ಹೇಳಿದ್ರು. ದಾರಿ ಇಕ್ಕಟ್ಟಾಗಿ ಬೆಂಕಿ ಆರಿಸೋ ಗಾಡಿ ದೂರ ನಿಂದರಬೇಕಾತು. ಸತ್ತವರಾಗ ಹೆಚ್ಚಿನವರು ಕುಣೀಲಿಕ್ಕೆ ಬಂದವರಲ್ಲ, ಅಲ್ಲೆ ದುಡಿಯೋ ಹುಡುಗ್ರು. ಅಡಗಿಮನಿ ಕೆಳಗ ನೆಲಮಾಳಿಗಿಯೊಳಗ ಇತ್ತು. ಎಲ್ಲೋ ಝಾರ್ಖಂಡ್, ಅಸ್ಸಾಮ್, ನೇಪಾಳದಿಂದ ದುಡೀಲಿಕ್ಕೆ ಬಂದ ತಾಯಂದಿರ ಮಕ್ಕಳು.

ಮನ್ಯಾಗ ಕೂತಿದ್ರ ಇದೆಲ್ಲಾ ಯಾಕಾಗ್ತಿತ್ತು ಅಂತ ಅನ್ನೋರಿದ್ದೀರಿ, ನನಗ ಗೊತ್ತದ. ಹಂಗಿದ್ರ ಆ ಅಡಗಿ ಹುಡುಗ್ರು ಎಲ್ಲೆ ಕೂಡಬೇಕಿತ್ತ್ರಿ? ಹೊಟ್ಟಿಪಾಡಿಗೆ ಬಂದವರು ಅವರು. ಯಾವ ಬಟ್ಟಿ ತಪ್ಪಾತು ಅವರದು?

ನಾವು ರಾತ್ರಿ ಮಲಗೋಮುಂದ ಗ್ಯಾಸಿನ ರೆಗ್ಯುಲೇಟರ್ ಎರಡು ಸಲ ಮುಟ್ಟಿ ನೋಡೋ ಮಂದಿ. ದೇವರ ಮುಂದಿನ ದೀಪದ ಹತ್ರ ಪರದೆ ಹಾರಿ ಬಂದ್ರ ಓಡಿ ಹೋಗಿ ಸರಸ್ತೇವಿ. ಇಂಥಾ ನಾವು, ಸಾವಿರಾರು ರೂಪಾಯಿ ಕೊಟ್ಟು ಹೊಕ್ಕ ಹೋಟೆಲ್‌ನಾಗ ಏನು ನೋಡ್ತೇವಿ? ಝೂಮರ್ ನೋಡ್ತೇವಿ, ಬಾತ್‌ರೂಮಿನ ನಳ ನೋಡ್ತೇವಿ, ಗಾಜರ್ ಹಲ್ವಾಕ್ಕ ಖವಾ ಹಾಕ್ಯಾರೋ ಇಲ್ಲೋ ನೋಡ್ತೇವಿ. (ಹಾಕಿರೂದಿಲ್ಲ, ಅದು ಬ್ಯಾರೆ ಮಾತು.) ಬಾಗಲಾ ನೋಡೂದಿಲ್ಲ.

ನಾ ನೋಡೇನಿ. ನಮ್ಮ ಬಳಗದೊಳಗಿನ ಒಂದು ನಿಶ್ಚಯ ಇಂಥಾದ ಹೋಟೆಲ್‌ನ ಮ್ಯಾಲಿನ ಹಾಲ್‌ನಾಗ ಇತ್ತು. ಹೆಸರು ಬ್ಯಾಡ. ಗ್ವಾಡಿ ಮ್ಯಾಲೆ ಹಸಿರು ದೀಪದಾಗ ಹೊರಗ ಓಡೋ ಗೊಂಬಿ ಚಿತ್ರ ಛಲೋ ಹೊಳೀಲಿಕತ್ತಿತ್ತು. ಅದರ ಕೆಳಗ ಬಾಗಲಾ, ಬಾಗಲದ ಮುಂದ ಒಂದರ ಮ್ಯಾಲೊಂದು ಪೇರಿಸಿದ ಕುರ್ಚಿ, ಸೋಡಾ ಬಾಟ್ಲಿಯ ಕ್ರೇಟು, ಮ್ಯಾಲೆ ಒಂದು ಕೀಲಿ. ಯಾಕ ಹಾಕೀರಿ ಅಂತ ಕೇಳಿದ್ರ, ಮಂದಿ ಬಿಲ್ ಕೊಡದ ಹಿಂದಿನಿಂದ ಇಳದು ಹೋಗ್ತಾರ ಮೇಡಂ, ಅಂದ ಮ್ಯಾನೇಜರ್. ಬಿಲ್ಲಿನ ಸಲುವಾಗಿ ಇನ್ನೂರು ಮಂದೀನ ಒಂದ ಜಿನಿಯ ಮ್ಯಾಲೆ ಬಿಟ್ಟಾರ! ಅವತ್ತ ವಧೂವರರ ಮುಂದ ಬುರುಬುರು ಕಿಡಿ ಹಾರಿಸೋ ಮಷೀನೂ ಇತ್ತು, ಮ್ಯಾಲೆ ಬಟ್ಟಿಯ ಅಲಂಕಾರನೂ ಇತ್ತು. ಹಂಗಾಗಿ ಇದು ಬರೇ ಕುಡಿದು ಕುಣಿಯೋರ ಮಾತಲ್ರಿ. ಸೀರಿ ಉಟ್ಟು ಆರತಿ ತಾಟು ಹಿಡದ ನಾವೂ ಅದ ಹಾಲ್‌ನಾಗ, ಅದ ಕೀಲಿಯ ಹಿಂದ ಇದ್ದಿವಿ.

ಈ ಶೋಕಿ ಜಾಗಾಗಳನ್ನ ಕಟ್ಟಿದ್ದರ ಹಂಗ. ಕತ್ತಲಿ ಇರಬೇಕು, ಒಳಗಿನ ಗದ್ದಲ ಹೊರಗ ಕೇಳಬಾರದು, ಮ್ಯಾಲೆ ಬಿದಿರು, ತಾಡಪತ್ರಿ, ಕೆಳಗ ಫೋಮಿನ ಸೋಫಾ. ಇವೆಲ್ಲಾ ಸುಟ್ರ ಮೊದಲ ಬರೋದು ಉರಿ ಅಲ್ಲ, ಹೊಗಿ. ಆ ಹೊಗಿ ನಾಲ್ಕು ಉಸಿರು ಒಳಗ ಹೋದ್ರ ಮನಷಾಗ ದಿಕ್ಕು ತಪ್ತದ. 31ರ ರಾತ್ರಿ ನೂರು ಮಂದಿ ಹಿಡಿಯೋ ಜಾಗಾದಾಗ ಎಷ್ಟು ಮಂದೀನ ತುಂಬಿದ್ರೂ ಎಣಿಸೋರು ಯಾರು? ಹೆಣ್ಮಕ್ಕಳಿಗೆ ಫ್ರೀ ಅಂತಾರಲ್ಲ, ಅದೇನು ನಮ್ಮ ಮ್ಯಾಲಿನ ಪ್ರೀತಿಗೆ ಅಲ್ಲ. ಹುಡುಗ್ಯಾರು ಕಂಡ್ರ ಗಂಡಸರ ಟಿಕೇಟು ಹೋಗ್ತಾವ ಅಂತ ಲೆಕ್ಕ. ಹಂಗ ಲೆಕ್ಕಾ ಮಾಡಿ ಕರದು ಕೂಡಿಸಿದವರಿಗೆ ಅವರನ್ನ ಹೊರಗ ದಾಟಿಸೋ ಲೆಕ್ಕಾನೂ ಇರಬೇಕಲ್ಲ?

ನನಗ ಈ ಪಾರ್ಟಿ ಸೇರೂದಿಲ್ಲ, ಅದು ನನ್ನ ಸ್ವಭಾವ. ಎಳ್ಳಮಾಸಿಗೆ ಹೊಲದಾಗ ಕೂತು ಸಜ್ಜಿ ರೊಟ್ಟಿ, ಎಣಗಾಯಿ ಉಂಡ್ರ ನನ್ನ ವರ್ಷ ಆಗಿ ಹೋತು. ಆದ್ರ ನನಗ ಸೇರದ್ದನ್ನ ಮಾಡಿದವರು ಸಾಯಲಿ ಅನ್ನೋ ಹಂಗ ಮಾತಾಡೋದು ಯಾವ ಸಂಸ್ಕೃತಿ?

ವೈನಿಯರ, ಮೌಶಿಯರ, ಈ ಸಲ ಹುಡುಗ್ಯಾರು ಫೋನ್ ಮಾಡಿದಾಗ ಏನು ಹಾಕ್ಕೋತೀ ಅಂತ ಕೇಳಬ್ಯಾಡ್ರಿ. ಎಷ್ಟನೇ ಮಾಳಗಿ, ಇಳೀಲಿಕ್ಕೆ ಎಷ್ಟು ಜಿನಿ ಅವ, ಎರಡನೇ ಬಾಗಲಾ ಎಲ್ಲೆ ಅದ, ಅದಕ್ಕ ಕೀಲಿ ಅದನೋ, ಒಳಗ ಪಟಾಕಿ ಹಾರಸ್ತಾರೋ, ಇಷ್ಟು ಕೇಳ್ರಿ. ಅವಕ್ಕೂ ಹೇಳ್ರಿ, ಕೂಡೂಕಿಂತ ಮೊದಲು ಒಂದು ಸಲ ಆ ಬಾಗಲದ ತನಕ ನಡದು, ದೂಡಿ ನೋಡಿ ಬಾ ಅಂತ. ನಾವೂ ಮದುವಿ, ಮುಂಜಿವಿಗೆ ಹಾಲ್ ಗೊತ್ತು ಮಾಡೋಮುಂದ ಅಡ್ವಾನ್ಸ್ ಕೊಡೂಕಿಂತ ಮೊದಲು ಇದನ್ನ ಕೇಳೂಣು. ಅಗ್ನಿಶಾಮಕದವರ ಪರವಾನಗಿ ಕಾಗದ ತೋರಸ್ರಿ ಅನ್ನೂಣು. ಮ್ಯಾನೇಜರ್ ನಗ್ತಾನ, ನಗಲಿ. ತೋರಸೂದಿಲ್ಲ ಅಂದ್ರ ಅಡ್ವಾನ್ಸ್ ವಾಪಸ್ ಪಿಶವಿಯೊಳಗ ಹಾಕ್ಕೊಂಡು ಎದ್ದು ಬರ್ರಿ, ಬಂದು ಆ ಹಾಲ್‌ನ ಹೆಸರು ನಮ್ಮ ವಾಟ್ಸಾಪ್ ಗ್ರೂಪಿನಾಗ ಹಾಕ್ರಿ.