ಐದನೇ ನಡೆಗೇ ಮಂತ್ರಿ ಹೋಯ್ತು

ಚದುರಂಗದಲ್ಲಿ ಮಂತ್ರಿಯನ್ನು ಕಳೆದುಕೊಳ್ಳಲು ಹೆಚ್ಚು ಹೊತ್ತು ಬೇಕಾಗಿಲ್ಲ. ಐದು ನಡೆ ಸಾಕು. ಮನೆಯಲ್ಲಿ ಮಣೆ ಇದ್ದರೆ ಹಬ್ಬದ ಊಟವಾದ ಮೇಲೆ ಕಾಯಿ ಜೋಡಿಸಿಕೊಂಡು ನೋಡಿ. (ನಮ್ಮ ಮಕ್ಕಳು ಕ್ವೀನ್ ಅನ್ನುವುದನ್ನೇ ನಾನು ಮಂತ್ರಿ ಅನ್ನುತ್ತಿದ್ದೇನೆ. ಬಿಷಪ್ ನನಗೆ ಈಗಲೂ ಒಂಟೆ, ರೂಕ್ ಆನೆ. ಊರಲ್ಲಿ ಕಲಿತದ್ದು, ಬಾಯಿಂದ ಹೋಗುವುದಿಲ್ಲ.)

ಬಿಳಿ ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ ಬರುತ್ತದೆ, ಕಪ್ಪಿನದೂ ಹಾಗೆಯೇ. ರಾಜನ ಕಡೆಯ ಬಿಳಿ ಕುದುರೆ ಹಾರಿ ಕಪ್ಪು ಕಾಲಾಳಿನ ಮೇಲೆ ಕಣ್ಣಿಡುತ್ತದೆ. ಕಪ್ಪು ಕುದುರೆಯೂ ಹಾರಿ ಬಿಳಿ ಕಾಲಾಳಿನ ಮೇಲೆ ಕಣ್ಣಿಡುತ್ತದೆ. ಬಿಳಿ ಕುದುರೆ ಆ ಕಾಲಾಳನ್ನು ಹೊಡೆಯುತ್ತದೆ. ಕಪ್ಪು ಬಿಟ್ಟೀತೇ? ಅದೂ ಹೊಡೆಯುತ್ತದೆ. ಇಲ್ಲಿಯವರೆಗೆ ಕನ್ನಡಿಯಲ್ಲಿ ನೋಡಿದ ಹಾಗೆ. ಈಗ ಬಿಳಿ ಮಂತ್ರಿ ಒಂದೇ ಒಂದು ಮನೆ ಓರೆಯಾಗಿ ಸರಿದು ತನ್ನ ರಾಜನ ಮುಂದೆ ಬಂದು ನಿಲ್ಲುತ್ತದೆ. ಕಪ್ಪು ಕುದುರೆಗೆ ಅಪಾಯ. ಎಂಟು ವರ್ಷದ ಮಗು ಏನು ಮಾಡುತ್ತದೆ? ಕುದುರೆಯನ್ನು ಹಿಂದಕ್ಕೆ ಕರೆದುಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಬಿಳಿ ಕುದುರೆ ಪಕ್ಕಕ್ಕೆ ಹಾರಿ ಕಪ್ಪು ಮಂತ್ರಿಗೆ ಗುರಿಯಿಟ್ಟು ಕೂರುತ್ತದೆ. ಅದು ಎದ್ದು ಹೋದ ಸಾಲು ಬಯಲಾದ್ದರಿಂದ ಹಿಂದಿದ್ದ ಬಿಳಿ ಮಂತ್ರಿಯಿಂದ ಕಪ್ಪು ರಾಜನಿಗೆ ನೇರ ಚೆಕ್. ರಾಜನನ್ನು ಉಳಿಸಿಕೊಳ್ಳಲೇಬೇಕು. ಮಂತ್ರಿ ಹೋಯ್ತು.

ಅಲ್ಫರೆಟಾದ ಸುತ್ತಮುತ್ತ ಶಾಲೆಯ ಕೆಫೆಟೇರಿಯಾಗಳಲ್ಲಿ ಶನಿವಾರ ನಡೆಯುವ ಮಕ್ಕಳ ಟೂರ್ನಿಗಳಿಗೆ ಹೋದವರಿಗೆ ಇದರ ಫಲ ಗೊತ್ತು. ಆಟದ ಕೋಣೆಗೆ ಅಪ್ಪ ಅಮ್ಮಂದಿರನ್ನು ಬಿಡುವುದಿಲ್ಲ. ಹೊರಗೆ ಮಡಿಸುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ. ಡಬ್ಬಿ ಬಿಚ್ಚುವ ಮೊದಲೇ ಬಾಗಿಲು ತೆರೆದು ಒಂದು ಮಗು ಹೊರಗೆ ಬರುತ್ತದೆ. ಯಾರೂ ಏನೂ ಕೇಳಬೇಕಾಗಿಲ್ಲ, ಆದರೂ ಕೇಳುತ್ತೇವೆ: "ಯಾಕೋ ಪುಟ್ಟಾ, ನೋಡ್ಲಿಲ್ವಾ?"

ನೋಡಿರುತ್ತದೆ. ನನ್ನ ಪ್ರಕಾರ ಮಂತ್ರಿಯನ್ನು ತಿಂದದ್ದು ಬೋನಲ್ಲ, 'ನೀನು ಹೊಡೆದೆಯಾ, ನಾನೂ ಹೊಡೆದೆ' ಅನ್ನುವ ಮೂರನೇ ನಡೆ. ಎದುರಿನವನು ಮಾಡಿದ್ದನ್ನೇ ತಾನೂ ಮಾಡುವುದು ಕ್ಷೇಮ ಎಂದು ಮಗು ತಿಳಿದಿರುತ್ತದೆ. ಎಲ್ಲಿ ಕಲಿಯಿತೋ! ಪಕ್ಕದ ಮನೆಯ ಹುಡುಗಿ ಭರತನಾಟ್ಯಕ್ಕೆ ಹೋದರೆ ನಮ್ಮವಳೂ, ಎದುರುಮನೆಯ ಹುಡುಗ ಸ್ಪೆಲ್ಲಿಂಗ್ ಬೀಗೆ ಕೂತರೆ ನಮ್ಮವನೂ. ಇರಲಿ, ಹಬ್ಬದ ದಿನ ಆ ಮಾತು ಬೇಡ. ಸರಿಯಾದ ದಾರಿ ಇಷ್ಟೇ: ತಕ್ಷಣ ತಿರುಗಿ ಹೊಡೆಯದೆ, ಮೊದಲು ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ನಡೆಸಿ ಬಿಳಿ ಕುದುರೆಯನ್ನು ಅಟ್ಟಬೇಕು, ಆಮೇಲೆ ಹೊಡೆಯಬೇಕು. ಹೊಡೆದೇಬಿಟ್ಟಿದ್ದರೂ ಕುದುರೆಯನ್ನು ಓಡಿಸುವ ಬದಲು ತನ್ನ ಮಂತ್ರಿಯನ್ನೂ ರಾಜನ ಮುಂದೆ ತಂದರೆ ಒಂದು ಕಾಲಾಳಿನ ನಷ್ಟದಲ್ಲಿ ಪಾರಾಗಬಹುದು.

ಈ ಆರಂಭಕ್ಕೆ ಪೆಟ್ರೋವ್ ಡಿಫೆನ್ಸ್ ಎಂದು ಹೆಸರು. ರಷ್ಯಾದ ಅಲೆಕ್ಸಾಂಡರ್ ಪೆಟ್ರೋವ್ ಹುಟ್ಟಿದ್ದು 1794ರಲ್ಲಿ. ಅದೇ ವರ್ಷ ಹುಟ್ಟಿದವರು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರಿಗೂ ಚದುರಂಗದ ಹುಚ್ಚು. ಒಂದೇ ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ಮೆಟ್ಟದಂತೆ ಅರವತ್ತನಾಲ್ಕು ಮನೆಗಳಲ್ಲೂ ಓಡಾಡಿಸುವ ಬಂಧಗಳನ್ನು ರಚಿಸಿದ ದೊರೆ ಅವರು. ಮೈಸೂರಿನ ಮಕ್ಕಳಿಗೆ ಪೆಟ್ರೋವ್ ಗೊತ್ತಿದ್ದರೆ ಇವರೂ ಗೊತ್ತಿರಲಿ ಎಂದು ಬರೆದೆ.

ಪೆಟ್ರೋವ್ ಡಿಫೆನ್ಸಿನಲ್ಲಿ ದೊಡ್ಡವರೂ ಬಿದ್ದಿದ್ದಾರೆ. 1988ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಊರಿನಲ್ಲಿ ವಿಶ್ವನಾಥನ್ ಆನಂದ್ ಕಪ್ಪು ಕಾಯಿ ಹಿಡಿದಿದ್ದರು. ವಯಸ್ಸು ಹದಿನೆಂಟು; ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದೂ ಆ ವರ್ಷವೇ. ಎದುರಿಗೆ ಕೊಲಂಬಿಯಾದ ಅಲೊನ್ಸೊ ಜಪಾತಾ. ಆನಂದ್ ಮೂರನೇ ನಡೆಯನ್ನು ಸರಿಯಾಗಿಯೇ ಆಡಿದರು, ಕುದುರೆಯನ್ನು ಅಟ್ಟಿ ಆಮೇಲೆ ಕಾಲಾಳು ಹೊಡೆದರು. ಐದನೇ ನಡೆಗೆ ಒಂಟೆಯನ್ನು ಹೊರಗೆ ತಂದರು. ಜಪಾತಾ ಅದೇ ಒಂದು ಮನೆಯ ಓರೆ ಹೆಜ್ಜೆ ಇಟ್ಟರು: ಮಂತ್ರಿ ರಾಜನ ಮುಂದೆ. ಕಪ್ಪು ಕುದುರೆ ಕದಲುವಂತೆಯೇ ಇಲ್ಲ, ಕದಲಿದರೆ ಹಿಂದಿರುವ ತನ್ನ ರಾಜನೇ ಚೆಕ್‌ಗೆ ಸಿಗುತ್ತಾನೆ. ನಿಂತಲ್ಲೇ ನಿಂತರೆ ಕುದುರೆಯೇ ಹೋಗುತ್ತದೆ. ಆರನೇ ನಡೆ ಕಂಡ ಆನಂದ್ ಆಟ ಬಿಟ್ಟುಕೊಟ್ಟರು.

ಆ ಒಂಟೆಯ ನಡೆ ಅವರ ಸ್ವಂತದ್ದಲ್ಲ. ಹಿಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲ್ಯಾರಿ ಕ್ರಿಶ್ಚಿಯನ್‌ಸನ್ ಅದನ್ನು ಟೋನಿ ಮೈಲ್ಸ್ ಎದುರು ಆಡಿದ್ದರು. ಮೈಲ್ಸ್ ಅದರ ಲಾಭ ಮಾಡಿಕೊಳ್ಳಲಿಲ್ಲ, ಆಟ ಡ್ರಾ ಆಯಿತು. ಗ್ರ್ಯಾಂಡ್‌ಮಾಸ್ಟರ್ ಆಡಿದ್ದು, ಅಚ್ಚಾದದ್ದು, ಅಂದ ಮೇಲೆ ಸರಿಯಾಗಿಯೇ ಇರಬೇಕು! ನಮ್ಮ ಮಗು ಎದುರಿನವನನ್ನು ನೋಡಿ ಆಡಿತು, ಆನಂದ್ ಅಚ್ಚಾದ ಆಟವನ್ನು ನೋಡಿ ಆಡಿದರು. ಮುಂದೆ 2000ದಲ್ಲಿ, ಮತ್ತೆ 2007ರಿಂದ 2013ರವರೆಗೆ ವಿಶ್ವ ಚಾಂಪಿಯನ್ ಆಗಿದ್ದವರ ಕಥೆ ಇದು. ಅಂದ ಹಾಗೆ, ಜಪಾತಾ ಆಮೇಲೆ ನಮ್ಮ ಅಟ್ಲಾಂಟಾ ಕಡೆಗೇ ಬಂದು ನೆಲೆಸಿ ಜಾರ್ಜಿಯಾದ ಟೂರ್ನಿಗಳಲ್ಲಿ ಆಡಿದವರು. ಅಳುತ್ತ ಹೊರಬರುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ: ಆನಂದರನ್ನು ಆರು ನಡೆಯಲ್ಲಿ ಸೋಲಿಸಿದವರು ನಮ್ಮ ಊರಿನವರು ಕಣೋ. ಅಳು ತುಸು ನಿಲ್ಲುತ್ತದೆ.

ಆದರೆ ಆನಂದರ ಹಾಗೆ ಆಟ ಬಿಟ್ಟುಕೊಡಬೇಕೇ? ಇಲ್ಲಿ ನನ್ನ ತಕರಾರಿದೆ. 1958ರ ಅಮೆರಿಕನ್ ಚಾಂಪಿಯನ್‌ಷಿಪ್ಪಿನಲ್ಲಿ, ನ್ಯೂಯಾರ್ಕಿನಲ್ಲಿ, ಹದಿನೈದು ವರ್ಷದ ಬಾಬಿ ಫಿಷರ್ ಎದುರು ಸ್ಯಾಮ್ಯುಯೆಲ್ ರೆಶೆವ್‌ಸ್ಕಿ ಕೂತಿದ್ದರು. ಅವರು ಹಲವು ಸಲದ ಚಾಂಪಿಯನ್, ಚಿಕ್ಕಂದಿನಲ್ಲಿ ಬಾಲಪ್ರತಿಭೆ ಎಂದು ಜಗತ್ತೇ ಕೊಂಡಾಡಿದವರು. ಫಿಷರ್ ಒಂಟೆಯನ್ನು ಬಲಿಕೊಟ್ಟು ರಾಜನನ್ನು ಹೊರಗೆಳೆದು ಕುದುರೆಯನ್ನು ಒಳಗೆ ತಂದು ನಿಲ್ಲಿಸಿದ. ರೆಶೆವ್‌ಸ್ಕಿಯವರ ಮಂತ್ರಿಗೆ ತನ್ನದೇ ಕಾಯಿಗಳ ನಡುವೆ ಕದಲಲು ಮನೆಯಿಲ್ಲ. ಹನ್ನೆರಡನೇ ನಡೆಗೆ ಮಂತ್ರಿ ಹೋಯ್ತು. ಅವರು ಎದ್ದು ಹೋದರೇ? ಇಲ್ಲ, ನಲವತ್ತೆರಡನೇ ನಡೆಯವರೆಗೆ ಆಡಿ ಸೋತರು. ಅದೇ ಫಿಷರ್ 1972ರಲ್ಲಿ ರೇಕ್ಯಾವಿಕ್‌ನಲ್ಲಿ, ಸ್ಪಾಸ್ಕಿ ಎದುರಿನ ಹನ್ನೊಂದನೇ ಆಟದಲ್ಲಿ, ಮೂಲೆಯ ಒಂದು ಕಾಲಾಳಿನ ಆಸೆಗೆ ಮಂತ್ರಿಯನ್ನು ಒಳಗೆ ನುಗ್ಗಿಸಿ ಸಿಕ್ಕಿಸಿಕೊಂಡ. ಆ ಕಾಲಾಳಿಗೆ ಚೆಸ್ ಪುಸ್ತಕಗಳಲ್ಲಿ 'ವಿಷದ ಕಾಲಾಳು' ಎಂದೇ ಹೆಸರು. ಆ ಆಟ ಸೋತ, ಪಂದ್ಯ ಗೆದ್ದ.

ಗ್ರ್ಯಾಂಡ್‌ಮಾಸ್ಟರ್ ಎದುರಿಗಿದ್ದಾಗ ಬಿಟ್ಟುಕೊಡುವುದು ಮರ್ಯಾದೆ. ಎದುರಿಗಿರುವವನೂ ಎಂಟು ವರ್ಷದವನಾದರೆ ಅವನ ಮಂತ್ರಿಯೂ ಇನ್ನು ಹತ್ತು ನಡೆಯಲ್ಲಿ ಹೋಗಬಹುದು.

ಗೆಳೆಯರೊಬ್ಬರ ಮಗ ಹೀಗೆ ಐದನೇ ನಡೆಗೆ ಸೋತು ಬಂದು, ಇನ್ನು ಚೆಸ್ ಬೇಡ ಅಂದುಬಿಟ್ಟ. ಮನೆಗೆ ಮೈಸೂರಿನಿಂದ ಅಜ್ಜ ಬಂದಿದ್ದರು. ಅವರು ಸಮಾಧಾನ ಗೀಮಾಧಾನ ಹೇಳಲಿಲ್ಲ. "ಎಲ್ಲಿಗೆ ಬಿಟ್ಟು ಎದ್ದು ಬಂದೆ, ಅಲ್ಲಿಗೆ ಜೋಡಿಸು" ಅಂದರು. ಹುಡುಗ ಜೋಡಿಸಿದ. ಎರಡು ಮನೆ ಹಾರುವ ಕಾಲಾಳನ್ನು ಕಂಡು ಅಜ್ಜ, "ನಮ್ಮ ಕಾಲದಲ್ಲಿ ಒಂದೊಂದೇ ಮನೆ ನಡೀತಿತ್ತು, ಇಷ್ಟು ಬೇಗ ಜಗಳವೇ ಹತ್ತುತ್ತಿರಲಿಲ್ಲ" ಎಂದು ಗೊಣಗಿ, ಬಿಳಿ ಕಾಯಿ ಹಿಡಿದು ಕೂತರು. ಅಂದು ಹುಡುಗ ಸೋತ. ಮರುದಿನ ಸಂಜೆ ಮತ್ತೆ ಅಲ್ಲಿಂದಲೇ, ಮಂತ್ರಿಯಿಲ್ಲದೆ. ಮತ್ತೂ ಸೋತ, ಆದರೆ ಆಟ ಉದ್ದವಾಗುತ್ತ ಹೋಯಿತು. ಒಂಬತ್ತನೇ ಸಂಜೆ ಹುಡುಗನ ಹತ್ತಿರ ಉಳಿದದ್ದು ರಾಜನೊಬ್ಬನೇ. ಅವನಿಗೆ ಚೆಕ್ಕೂ ಇಲ್ಲ, ಸರಿಯಲು ಮನೆಯೂ ಇಲ್ಲ. ಸ್ಟೇಲ್‌ಮೇಟ್, ಅಂದರೆ ಡ್ರಾ. ಹುಡುಗ ಮನೆಯೆಲ್ಲ ಕುಣಿದ. ಬೇಕೆಂದೇ ಬಿಟ್ಟಿರಾ ಎಂದು ಮಗ ಪಿಸುಮಾತಿನಲ್ಲಿ ಕೇಳಿದರೆ, ಅಜ್ಜ ಕನ್ನಡಕ ಒರೆಸುತ್ತ, "ಮಣೆ ಎತ್ತಿಡೋದಕ್ಕೆ ಹೇಳು, ಊಟಕ್ಕೆ ಹೊತ್ತಾಯ್ತು" ಅಂದರಂತೆ.