ಯಂತ್ರವೋ ಕಾಗದವೋ, ಮರುಎಣಿಕೆ ಹಕ್ಕಾಗಲಿ

2023ರ ಮೇ 13ರಂದು ರಾಜ್ಯದಲ್ಲಿ ಯಾರ ಸರ್ಕಾರ ಎಂಬುದು ಖಚಿತವಾಗಿ ಗಂಟೆಗಳೇ ಕಳೆದಿದ್ದರೂ ಬೆಂಗಳೂರಿನ ಜಯನಗರದ ಫಲಿತಾಂಶ ಹೊರಬಿದ್ದಿರಲಿಲ್ಲ. ಮಧ್ಯರಾತ್ರಿಯ ಹೊತ್ತಿಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರೆಂದು ಘೋಷಣೆಯಾಯಿತು. ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರ ಕಡೆಯವರು ಎತ್ತಿದ ತಕರಾರು ಇವಿಎಂ ಕುರಿತಾದದ್ದಲ್ಲ, ಮೊದಲು ತಿರಸ್ಕರಿಸಿದ್ದ ಅಂಚೆ ಮತಗಳನ್ನು ಮತ್ತೆ ಪರಿಗಣಿಸಿದ್ದರ ಬಗ್ಗೆ.

ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತಪತ್ರ ಬಳಸಬೇಕೆಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿದಾಗಿನಿಂದ ಚರ್ಚೆಯೆಲ್ಲ ಯಂತ್ರವೋ ಕಾಗದವೋ ಎಂಬಲ್ಲೇ ಸುತ್ತುತ್ತಿದೆ. ಎಣಿಕೆ ತಪ್ಪಿದರೆ ಅದನ್ನು ಯಾರು, ಎಷ್ಟು ಬೇಗ ಸರಿಪಡಿಸುತ್ತಾರೆ ಎಂಬುದನ್ನು ಕೇಳುವವರಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಆ ಪ್ರಶ್ನೆಯೇ.

ಚಂಡೀಗಢದ ಮೇಯರ್ ಚುನಾವಣೆ ನಡೆದದ್ದು ಮತಪತ್ರದಲ್ಲಿ. 2024ರ ಜನವರಿಯಲ್ಲಿ ಚುನಾವಣಾಧಿಕಾರಿಯೇ ಎಂಟು ಮತಪತ್ರಗಳ ಮೇಲೆ ಗುರುತು ಹಾಕಿ ಅವನ್ನು ಅಸಿಂಧು ಎಂದರು. ಕ್ಯಾಮೆರಾದಲ್ಲಿ ಅದು ಸೆರೆಯಾಗಿದ್ದರಿಂದ ಸುಪ್ರೀಂ ಕೋರ್ಟ್ ಮುಂದಿನ ತಿಂಗಳೇ ಫಲಿತಾಂಶವನ್ನು ತಿರುಗಿಸಿತು. ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಗ್ರಾಮದ ಸರಪಂಚ ಚುನಾವಣೆಯಲ್ಲಿ ಇದ್ದದ್ದು ಇವಿಎಂ. 2022ರ ನವೆಂಬರ್‌ನಲ್ಲಿ ಸೋತರೆಂದು ಘೋಷಣೆಯಾಗಿದ್ದ ಅಭ್ಯರ್ಥಿ 51 ಮತಗಳಿಂದ ಗೆದ್ದಿದ್ದರೆಂದು ತಿಳಿದದ್ದು 2025ರ ಆಗಸ್ಟ್‌ನಲ್ಲಿ, ಯಂತ್ರಗಳನ್ನು ಸುಪ್ರೀಂ ಕೋರ್ಟಿಗೇ ತರಿಸಿ ಮತ್ತೆ ಎಣಿಸಿದ ಮೇಲೆ. ಐದು ವರ್ಷದ ಅಧಿಕಾರದಲ್ಲಿ ಎರಡೂಮುಕ್ಕಾಲು ವರ್ಷ ಆಗಲೇ ಬೇರೆಯವರ ಪಾಲಾಗಿತ್ತು. ದೆಹಲಿಯವರೆಗೆ ಹೋರಾಡುವ ಶಕ್ತಿ ಪ್ರತಿ ಹಳ್ಳಿಯ ಅಭ್ಯರ್ಥಿಗೂ ಇರುತ್ತದೆಯೇ?

ನಮ್ಮ ನಿಯಮಗಳು ಕೆಟ್ಟವಲ್ಲ. ವಿಧಾನಸಭೆ, ಲೋಕಸಭೆಗೆ ಅನ್ವಯಿಸುವ 1961ರ ಚುನಾವಣಾ ನಿಯಮಗಳ 56ನೇ ನಿಯಮ ಉದಾರವಾಗಿದೆ: ಮುದ್ರೆ ಮಸುಕಾಗಿದ್ದರೂ ಮತದಾರನ ಮನಸ್ಸು ಯಾರ ಕಡೆಗಿತ್ತೆಂದು ಸ್ಪಷ್ಟವಾಗಿ ಕಂಡರೆ ಆ ಮತವನ್ನು ಬಿಸಾಡುವಂತಿಲ್ಲ. ಕೊರತೆ ಇರುವುದು 63ನೇ ನಿಯಮದಲ್ಲಿ. ಮರುಎಣಿಕೆಗೆ ಅಭ್ಯರ್ಥಿ ಕಾರಣ ಕೊಟ್ಟು ಬರೆದು ಕೇಳಬೇಕು, ಕೊಡುವುದೂ ಬಿಡುವುದೂ ಚುನಾವಣಾಧಿಕಾರಿಯ ತೀರ್ಮಾನ. ಫಲಿತಾಂಶ ಘೋಷಿಸಿದ ಮೇಲೆ ಹೈಕೋರ್ಟಿನಲ್ಲಿ 45 ದಿನದೊಳಗೆ ತಕರಾರು ಅರ್ಜಿ ಹಾಕುವುದೊಂದೇ ದಾರಿ. ಅದನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ವರ್ಷಗಟ್ಟಲೆ ಎಳೆದ ಅರ್ಜಿಗಳು ಎಷ್ಟೋ.

ಅಂತರ ಇಷ್ಟಕ್ಕಿಂತ ಕಡಿಮೆಯಾದರೆ ಯಾರೂ ಕೇಳದೆಯೇ ಎಲ್ಲ ಮತಗಳನ್ನೂ ಮತ್ತೆ ಎಣಿಸಬೇಕು ಎಂಬ ನಿಯಮ ನಮ್ಮಲ್ಲಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಅಂತರ ಶೇ 0.5ರೊಳಗಿದ್ದರೆ ಯಂತ್ರದಲ್ಲಿ ಮರುಎಣಿಕೆ ಕಡ್ಡಾಯ. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಬುಷ್ ಆ ರಾಜ್ಯವನ್ನು 537 ಮತಗಳಿಂದ ಗೆದ್ದಾಗ ಎದ್ದ ಗದ್ದಲದ ನಂತರ ಅವರು ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿದರು. ನಾವು 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಧ್ರುವನಾರಾಯಣ ಅವರು ಒಂದೇ ಮತದಿಂದ ಗೆದ್ದದ್ದನ್ನು ಕಂಡೆವು. ಇಪ್ಪತ್ತು ವರ್ಷ ಅದನ್ನು ಸೋಜಿಗದ ಕತೆಯಾಗಿ ಹೇಳಿಕೊಂಡು ಬಂದೆವೇ ಹೊರತು ಅದರಿಂದ ನಿಯಮವೊಂದನ್ನು ಮಾಡಿಕೊಳ್ಳಲಿಲ್ಲ.

ವಿಧಾನಸಭೆ, ಲೋಕಸಭೆಯ ಚುನಾವಣಾ ನಿಯಮ ಬದಲಿಸುವುದು ಕೇಂದ್ರದ ಕೈಯಲ್ಲಿದೆ. ಪಂಚಾಯಿತಿ, ನಗರಸಭೆಗಳದ್ದು ಹಾಗಲ್ಲ. ಸಂವಿಧಾನ ಆ ಅಧಿಕಾರವನ್ನು ರಾಜ್ಯದ ಶಾಸಕಾಂಗಕ್ಕೇ ಕೊಟ್ಟಿದೆ. ಗ್ರಾಮ ಪಂಚಾಯಿತಿಯ ಒಂದು ಕ್ಷೇತ್ರದಲ್ಲಿ ಚಲಾವಣೆಯಾಗುವುದು ಕೆಲವು ನೂರು ಮತ. ಅವನ್ನು ಎರಡನೇ ಸಲ ಎಣಿಸಲು ಎಷ್ಟು ಹೊತ್ತು ಬೇಕು? ಮತಪತ್ರಕ್ಕೆ ಮರಳುತ್ತೇವೆ ಎನ್ನುವ ಸರ್ಕಾರ ಮೊದಲು ಇಷ್ಟನ್ನು ನಿಯಮದಲ್ಲಿ ಬರೆಯಲಿ: ಅಂತರ ಶೇ 0.5ಕ್ಕಿಂತ ಕಡಿಮೆಯಿದ್ದರೆ, ಅಥವಾ ತಿರಸ್ಕೃತ ಮತಗಳಿಗಿಂತ ಕಡಿಮೆಯಿದ್ದರೆ, ಏಜೆಂಟರ ಮುಂದೆ, ಕ್ಯಾಮೆರಾ ಅಡಿಯಲ್ಲಿ ಮರುಎಣಿಕೆ ಆಗಲೇಬೇಕು. ಪ್ರತಿ ತಿರಸ್ಕಾರದ ಕಾರಣವನ್ನು ಬರೆದಿಡಬೇಕು. ಈ ತಿದ್ದುಪಡಿ ಮುಂದಿನ ಪಂಚಾಯಿತಿ ಚುನಾವಣೆಯ ಅಧಿಸೂಚನೆಗೆ ಮೊದಲೇ ಬರಬೇಕು.