ತಡವಾಗಿರುವುದು ಬೆಳೆಯೋ, ಕಟ್ಟಡವೋ?



ಕೆನಡಾ ದೇಶದಲ್ಲಿ 2013ರಲ್ಲಿ ಹೊಸ ನಿಯಮ ಬಂದು, ರೋಗಿಗಳ ಔಷಧಿಗಾಗಿ ಗಾಂಜಾ ಬೆಳೆದು ಮಾರಲು ಕಂಪನಿಗಳಿಗೆ ಪರವಾನಗಿ ಕೊಡಲಾರಂಭಿಸಿದರು. ಎಷ್ಟೋ ಸಣ್ಣ ಕಂಪನಿಗಳು ಬರೀ ಅರ್ಜಿ ಹಾಕಿ, ಅದನ್ನೇ ಮುಂದಿಟ್ಟುಕೊಂಡು ಷೇರು ಮಾರಿದವು. ಕೂಸು ಹುಟ್ಟುವ ಮುಂಚೆ ಕುಲಾವಿ! ಫಸಲು ತಡವಾದಂತೆಲ್ಲ ಷೇರುದಾರರಲ್ಲಿ ಊಹಾಪೋಹ. ಸರ್ಕಾರ ಕಡತ ತಡೆಹಿಡಿದಿದೆ ಎಂದು ಒಬ್ಬರು. ದೊಡ್ಡ ಕಂಪನಿಯೊಂದು ಕೊಳ್ಳಲಿದೆ, ಅದಕ್ಕೇ ಸುಮ್ಮನಿದ್ದಾರೆ ಎಂದು ಇನ್ನೊಬ್ಬರು.

ದೂರದ ದೇಶದ ಮಾತು ನಮಗೇಕೆ ಎನ್ನಬೇಡಿ. ಬೆಳೆಯ ಹೆಸರಿನಲ್ಲಿ ಹಣ ಕೇಳುವವರು ಎಲ್ಲೆಡೆಯೂ ಇದ್ದಾರೆ. ಬೆಳೆಯ ಲೆಕ್ಕವನ್ನು ಆ ಷೇರುದಾರರಿಗಿಂತ ನೀವು ಚೆನ್ನಾಗಿ ಬಲ್ಲಿರಿ.

ಪಪ್ಪಾಯಿಯಂತೆ ಗಾಂಜಾದಲ್ಲಿಯೂ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಔಷಧಿಗೆ ಬೇಕಾದುದು ಹೆಣ್ಣು ಗಿಡದ ಹೂ. ಆದ್ದರಿಂದ ಹೆಣ್ಣು ತಾಯಿಗಿಡದ ಕಡ್ಡಿ ಕತ್ತರಿಸಿ ಬೇರು ಬರಿಸುತ್ತಾರೆ. ಸೇವಂತಿಗೆ ತೋಟದಲ್ಲಿ ರಾತ್ರಿ ಬಲ್ಬು ಉರಿಸಿ ಹೂ ಬಿಡುವುದನ್ನು ಮುಂದಕ್ಕೆ ಹಾಕುವುದನ್ನು ನೀವು ಕಂಡಿರಬಹುದು. ಇಲ್ಲಿಯೂ ಅದೇ ಸೂತ್ರ. ದಿನಕ್ಕೆ 12 ಗಂಟೆ ಕತ್ತಲೆ ಕೊಟ್ಟರೆ ಗಿಡ ಹೂವಿಗೆ ತಿರುಗಿ, ಸಾಮಾನ್ಯವಾಗಿ 8ರಿಂದ 10 ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ಬೇರು ಬರಿಸುವುದು, ಒಣಗಿಸುವುದು, ಪ್ರಯೋಗಾಲಯದ ಪರೀಕ್ಷೆ ಎಲ್ಲ ಸೇರಿದರೂ ನಮ್ಮ ಅರಿಶಿನ ಅಗೆಯುವಷ್ಟು ಕಾಲ ಬೇಡ. ಹಾಗಿರುವಾಗ ವರ್ಷಗಟ್ಟಲೆ ತಡ ಎಂದರೆ ಅದು ಬೆಳೆಯ ತಡವಲ್ಲ.

ಹಾಗಾದರೆ ಯಾವುದರದು? 2019ರ ಮೇ ತಿಂಗಳಲ್ಲಿ ಅಲ್ಲಿಯ ಆರೋಗ್ಯ ಇಲಾಖೆಯಾದ ಹೆಲ್ತ್ ಕೆನಡಾ ಲೆಕ್ಕ ಹೊರಗಿಟ್ಟಿತು. ಹಿಂದಿನ ಮೂರು ವರ್ಷಗಳಲ್ಲಿ ಕಾಗದಪತ್ರಗಳ ಪರಿಶೀಲನೆ ದಾಟಿದ್ದ ಅರ್ಜಿದಾರರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ, ನಿಯಮಕ್ಕೆ ತಕ್ಕ ಕಟ್ಟಡ ಕಟ್ಟಿದ್ದೇವೆಂಬ ಪುರಾವೆಯನ್ನೇ ಸಲ್ಲಿಸಿರಲಿಲ್ಲ! ಸರ್ಕಾರದ ಕಡತ ನಿಧಾನವಾಗಿ ಸಾಗುತ್ತದೆ, ನಿಜ. ಕಚೇರಿಯಲ್ಲಿ ದುಡಿಯುವ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಕೊಟ್ಟಿಗೆಯೇ ಇಲ್ಲದವನು ಹಸುವಿನ ಸಾಲ ಬರಲಿಲ್ಲವೆಂದು ಬ್ಯಾಂಕನ್ನು ದೂರಿದರೆ ಏನೆನ್ನಬೇಕು? ಅಂದಿನಿಂದ, ಹೊಸದಾಗಿ ಅರ್ಜಿ ಹಾಕುವವರು ಮೊದಲು ಕಟ್ಟಡ ಪೂರೈಸಿರಬೇಕೆಂದು ನಿಯಮ ಮಾಡಿದರು. ಇದನ್ನು ಮೊದಲೇ ಮಾಡಬೇಕಿತ್ತೆಂದು ನನ್ನ ಅಭಿಪ್ರಾಯ.

ಅವಸರವೂ ಕೆಟ್ಟದ್ದೇ. ಕ್ಯಾನ್‌ಟ್ರಸ್ಟ್ ಎಂಬ ಕಂಪನಿ ಪರವಾನಗಿ ಬರುವ ಮುಂಚೆಯೇ ಕೆಲವು ಕೊಠಡಿಗಳಲ್ಲಿ ಗಿಡ ಬೆಳೆಸಿತೆಂದು 2019ರ ಜುಲೈನಲ್ಲಿ ಹೊರಬಿತ್ತು. ಸೆಪ್ಟೆಂಬರಿನಲ್ಲಿ ಪರವಾನಗಿ ಅಮಾನತಾಯಿತು. 2020ರ ಮಾರ್ಚಿನಲ್ಲಿ ಕಂಪನಿ, ಸಾಲ ಕೊಟ್ಟವರಿಂದ ರಕ್ಷಣೆ ಬೇಡಿ ನ್ಯಾಯಾಲಯದ ಮೆಟ್ಟಿಲೇರಿತು. ಅದರ ಹಿಂದಿನ ಮುಖ್ಯಸ್ಥರು 2022ರಲ್ಲಿ ಖುಲಾಸೆಯಾದರು, ಆ ಮಾತು ಬೇರೆ.

ನಮ್ಮ ದೇಶದಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆಯಂತೆ, ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಸುವುದು ಅಪರಾಧ. ಇಂತಹ ಯಾವುದಾದರೂ ಕಂಪನಿಯ ಷೇರು ಕೊಳ್ಳಿರೆಂದು ನಿಮ್ಮ ಮಗನ ಮೊಬೈಲಿಗೆ ಕರೆ ಬಂದರೆ, ಕಟ್ಟಡ ಯಾವ ಊರಿನಲ್ಲಿ ಎದ್ದಿದೆ, ಕಡ್ಡಿ ನೆಟ್ಟದ್ದು ಯಾವ ತಿಂಗಳು ಎಂದು ಕೇಳಿಸಿರಿ. ನೆಟ್ಟ ತಿಂಗಳು ತಿಳಿದರೆ ಕೊಯ್ಲಿನ ತಿಂಗಳನ್ನು ನೀವೇ ಬೆರಳೆಣಿಸಿ ಹೇಳಬಲ್ಲಿರಿ.